ತಾಳಕ್ಕೆ ಬಿದ್ದ ಕೈ

ಟೆಲಿವಿಷನ್ ಕೇಂದ್ರದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸಾಹೇಬರಿಂದ ಹಿಡಿದು ಗೇಟಿನವನ ತನಕ ಎಲ್ಲರ ಬಾಯಲ್ಲೂ ಅವನು ಕತ್ತರಿ. ಫಿಲಂ ಕತ್ತರಿಸಿ ಅಂಟಿಸುವುದು ಅವನ ಕೆಲಸ. ಮಾತು ಕಡಿಮೆ. "ಅಂಟು ಜಾಸ್ತಿಯಾಗಿ ಇವನ ತುಟಿಗೂ ಮೆತ್ತಿಕೊಂಡಿದೆ ಕಣ್ರೀ" ಎಂದು ಕ್ಯಾಮೆರಾದವರು ನಗುತ್ತಿದ್ದರು. ಅವನೂ ನಕ್ಕು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ.

ಟೆಲಿವಿಷನ್ ಆಗಿನ್ನೂ ಕೈಕೂಸು. ಸಂಜೆ ಮೂರು ತಾಸು ಮಾತ್ರ ಪ್ರಸಾರ, ಅದೂ ಬಹುಪಾಲು ನೇರ. ಹತ್ತು ನಿಮಿಷ ಮಾತಾಡುತ್ತೇನೆಂದು ಬಂದ ದಂತವೈದ್ಯರು ಏಳೇ ನಿಮಿಷಕ್ಕೆ ಕೈಮುಗಿದುಬಿಟ್ಟರೆ ಮಿಕ್ಕ ಮೂರು ನಿಮಿಷಕ್ಕೆ ಗತಿಯೇನು? ಅದಕ್ಕೆಂದೇ ಒಂದು ಹೂದಾನಿಯ ಚಿತ್ರವಿತ್ತು. ಹೂದಾನಿಯನ್ನು ತೋರಿಸುತ್ತ ಹಿಂದೆ ಗ್ರಾಮಫೋನ್ ತಟ್ಟೆ ಹಾಕುತ್ತಿದ್ದರು. ಜನ ಅದನ್ನು ಎಷ್ಟು ನೋಡಿದ್ದರೆಂದರೆ, ಬಲಗಡೆಯ ಹೂವು ಬಾಡಿದೆ, ದಯವಿಟ್ಟು ಬದಲಾಯಿಸಿ ಎಂದು ಒಬ್ಬರು ಕಾಗದವನ್ನೇ ಬರೆದಿದ್ದರು.

ಆ ಕಾಗದ ಓದಿದ ದಿನ ಕಾರ್ಯಕ್ರಮದ ಸಾಹೇಬರು ಕತ್ತರಿಯ ಕೋಣೆಗೆ ಬಂದರು. ಕೈಯಲ್ಲೊಂದು ಗ್ರಾಮಫೋನ್ ತಟ್ಟೆ.

"ಹಾಡಿಗೊಂದು ಮೈ ಬೇಕು ಕಣಯ್ಯಾ. ಬರೀ ಕಿವಿಗಾದರೆ ರೇಡಿಯೋ ಸಾಕಲ್ಲ, ನಾವ್ಯಾಕೆ?"

"ಹಾಡಿದವರನ್ನೇ ಕರೆಸಬಹುದಲ್ಲ ಸಾರ್."

"ಕರೆದೆ. 'ಗಂಟಲು ಕೇಳಿಸಿಕೊಳ್ಳಿ, ಮುಖ ಕಟ್ಟಿಕೊಂಡು ಏನಾಗಬೇಕು' ಅಂತ ಫೋನಿಟ್ಟುಬಿಟ್ಟರು ಆಯಮ್ಮ. ನಿನ್ನ ಹತ್ತಿರ ಇಷ್ಟೊಂದು ಚೂರುಪಾರು ಬಿದ್ದಿದೆ, ಅದರಲ್ಲೇ ಏನಾದರೂ ಹೊಂದಿಸು. ಎರಡು ನಿಮಿಷ ಐವತ್ತು ಸೆಕೆಂಡು. ಕಸದಿಂದ ರಸ!"

ಅದು ಕಾಯುವ ಹೆಣ್ಣಿನ ಹಾಡು. ಬಾಗಿಲಿಗೆ ಚಿಲಕ ಹಾಕಿಲ್ಲ, ಬಾ ಎನ್ನುವ ಪಲ್ಲವಿ. ಸಾಲು ಮುಗಿದಲ್ಲೆಲ್ಲ ಹಿಂದಿನಿಂದ ಚರ್ಮವಾದ್ಯದ ಒಂದೇ ಒಂದು ಪೆಟ್ಟು, ಯಾರೋ ಬಾಗಿಲು ಬಡಿದ ಹಾಗೆ.

ಕತ್ತರಿಗೆ ತಾಳ ಬಂದದ್ದು ಸಂಗೀತದ ಮೇಷ್ಟರಿಂದಲ್ಲ, ಅಮ್ಮನ ತೊಡೆಯಿಂದ. ಹೊತ್ತು ಮುಳುಗುವಾಗ ಅಮ್ಮ ದೇವರ ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದಳು. ರಾಗ ಹಚ್ಚುತ್ತಿರಲಿಲ್ಲ, ಬರೀ ಹೇಳುವುದು, ಅಂಗೈಯಿಂದ ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತ. ಪುಟ್ಟ ಕತ್ತರಿ ಆ ತೊಡೆಗೆ ಕಿವಿ ಆನಿಸಿ ಮಲಗುತ್ತಿದ್ದ. ಅವಸರಪಟ್ಟು ಮುಂದಿನ ಸಾಲಿಗೆ ಹಾರಿದರೆ ತಲೆಗೊಂದು ಮೊಟಕು. "ಸಾಲು ನಿಲ್ಲೋ ಕಡೆ ನಿಲ್ಲು ಮಗು. ದೇವರು ಬಂದು ಕೂರೋದು ಅಲ್ಲೇ." ನಲವತ್ತು ದಾಟಿದರೂ ಅವನ ಬೆರಳು ಆ ಜಾಗವನ್ನು ಮರೆತಿರಲಿಲ್ಲ. ಚಿತ್ರ ಎಲ್ಲಿ ಕತ್ತರಿಸಬೇಕೆಂದು ಅವನಿಗೆ ಹೇಳುತ್ತಿದ್ದದ್ದು ಅದೇ.

ಎರಡು ದಿನ ಚೂರುಗಳನ್ನು ತಡಕಿದ. ತೆರೆದು ಮುಚ್ಚುವ ಬಾಗಿಲು ಸಿಕ್ಕಿತು, ದಡಕ್ಕೆ ಬಂದು ಹೋಗುವ ಅಲೆ ಸಿಕ್ಕಿತು, ಹಗ್ಗದ ಮೇಲೆ ಗಾಳಿಗೆ ಹಾರುವ ಅಂಗಿ ಸಿಕ್ಕಿತು. ಎಲ್ಲ ಚೆನ್ನಾಗಿದ್ದವು, ಯಾವುದರಲ್ಲೂ ಜೀವವಿರಲಿಲ್ಲ. ಮೂರನೆಯ ದಿನ ಸುದ್ದಿ ವಿಭಾಗದ ಕಪಾಟಿನ ತಳದಲ್ಲಿ ಒಂದು ಡಬ್ಬಿ ಕಂಡಿತು. ಮೇಲೆ ಚೀಟಿ: 'ಗಣಿಯ ಗೇಟು, ಮೂರನೆಯ ದಿನ.'

ಎರಡು ವರ್ಷದ ಹಿಂದೆ ಗಣಿಯ ಸುರಂಗ ಕುಸಿದು ಮೂವತ್ತು ಮಂದಿ ಒಳಗೆ ಉಳಿದುಹೋಗಿದ್ದರು. ಅದು ಗೊತ್ತಿಲ್ಲದವರು ಯಾರು? ಅವನಿಗೂ ಗೊತ್ತಿತ್ತು. ಚೀಟಿಯನ್ನು ಓದಿಯೇ ಡಬ್ಬಿ ತೆರೆದ. ಮುಂದೆ ಎಷ್ಟೋ ಸಲ, ಓದದೆ ತೆರೆದೆ ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಮನಸ್ಸು ಒಪ್ಪಲಿಲ್ಲ.

ಅದು ಶಬ್ದವಿಲ್ಲದ ಫಿಲಂ. ಕಬ್ಬಿಣದ ಗೇಟಿನ ಪಕ್ಕ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ನೆಲದ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಇವನ ಮೇಜಿನ ಇನ್ನೊಂದು ಬದಿಯಲ್ಲಿ ಹಾಡು ಓಡುತ್ತಲೇ ಇತ್ತು. ಅವಳ ಕೈ ಬಿತ್ತು, ವಾದ್ಯದ ಪೆಟ್ಟೂ ಬಿತ್ತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲವೂ. ಕತ್ತರಿಯ ಮೈ ಜುಮ್ಮೆಂದಿತು. ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಹೆಂಗಸು ಕಾಣಲಿಲ್ಲ, ತಾಳ ಕಂಡಿತು.

ನಾಲ್ಕನೆಯ ಪೆಟ್ಟು ತಡವಾಯಿತು. ಸಂಕಟ ತಾಳ ನೋಡಿಕೊಂಡು ಬರುತ್ತದೆಯೇ? ಆದರೆ ತಡವಾದದ್ದನ್ನು ಸರಿಮಾಡುವುದೇ ಅವನ ಕಸುಬಲ್ಲವೇ! ಒಂದೊಂದು ಪೆಟ್ಟನ್ನೂ ಬೇರೆ ಬೇರೆಯಾಗಿ ಕತ್ತರಿಸಿದ. ನಡುವೆ ಬಾಗಿಲು, ಅಲೆ, ಅಂಗಿ ಇಟ್ಟು, ಸಾಲು ನಿಲ್ಲುವ ಜಾಗದಲ್ಲಿ ಸರಿಯಾಗಿ ಅವಳ ಕೈ ಎದೆಗೆ ಬೀಳುವಂತೆ ಅಂಟಿಸಿದ. ಹನ್ನೆರಡು ಸಾಲು, ಹನ್ನೆರಡು ಪೆಟ್ಟು. ಹನ್ನೆರಡರ ನಂತರ ಅವಳ ಕೈ ಗಾಳಿಯಲ್ಲೇ ನಿಂತು, ಅವಳು ಎದ್ದು ಎತ್ತಲೋ ನೋಡುವ ಹನ್ನೊಂದು ಸೆಕೆಂಡಿನ ತುಂಡೊಂದು ಉಳಿಯಿತು. ತಾಳಕ್ಕೆ ಬಾರದ್ದು. ಅದನ್ನು ಗೋಡೆಯ ಮೊಳೆಗೆ ನೇತುಹಾಕಿ ಮರೆತ. ಖಾಲಿ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಖಾಲಿ ಡಬ್ಬಿಗೆ ಚೀಟಿ ಯಾಕೆ ಅಂದುಕೊಂಡ.

ಹಾಡು ಪ್ರಸಾರವಾಯಿತು. ಹೂದಾನಿ ಮೂಲೆ ಸೇರಿತು. ವಾರಕ್ಕೆ ನಾಲ್ಕೈದು ಸಲ, ಯಾವ ಕಾರ್ಯಕ್ರಮ ಬೇಗ ಮುಗಿದರೂ ಅದೇ ಹಾಡು. ಬೇಗ ಮುಗಿಸಿದವರಿಗೆ ಜನ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದರಂತೆ. ಕಾಗದಗಳು ಕಟ್ಟುಕಟ್ಟಾಗಿ ಬಂದವು.

"ನೋಡಯ್ಯಾ, ನೂರರಲ್ಲಿ ತೊಂಬತ್ತು ಜನ ಒಂದೇ ಕೇಳೋದು. ಆ ನಟಿ ಯಾರು, ಎಷ್ಟು ಸಹಜವಾಗಿ ಅಳ್ತಾಳೆ ಅಂತ. ಯಾರು ಮಾರಾಯ ಅವಳು?" ಎಂದರು ಸಾಹೇಬರು.

ಕತ್ತರಿ ಅಂಟಿನ ಬಾಟಲಿಯ ಮುಚ್ಚಳ ತಿರುಗಿಸಿದ. "ಯಾವುದೋ ಹಳೇ ರೀಲು ಸಾರ್..."

"ಹೊಸಮುಖ ಅಂತ ಬರೆದುಬಿಡು. ನಿನ್ನ ಅಕ್ಷರ ಮುತ್ತಿನ ಹಾಗಿದೆ, ನೀನೇ ಉತ್ತರ ಬರಿ."

ಬರೆದ. ಊಟದ ಬಿಡುವಿನಲ್ಲಿ ಕೂತು ಅರವತ್ತು ಕಾರ್ಡು ಬರೆದ. ಮೊದಲ ಕಾರ್ಡನ್ನು ಎರಡು ಸಲ ಹರಿದು ಬರೆದ. ಹತ್ತನೆಯದರ ಹೊತ್ತಿಗೆ ಪೆನ್ನು ಸರಾಗವಾಗಿ ಓಡಿತು. ಇಪ್ಪತ್ತನೆಯದಕ್ಕೆ ತಾನಾಗಿಯೇ ಒಂದು ಸಾಲು ಹೆಚ್ಚಿಗೆ ಸೇರಿಸಿದ.

ಅವನ ಬೀದಿಯಲ್ಲಿ ಟೆಲಿವಿಷನ್ ಇದ್ದದ್ದು ಎದುರು ಮನೆಯ ದರ್ಜಿಯ ಹತ್ತಿರ ಮಾತ್ರ. ಸಂಜೆ ಬೀದಿಯೇ ಅಲ್ಲಿ ನೆರೆಯುತ್ತಿತ್ತು. ಅಮ್ಮನ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೂ ಮಗ ಮಾಡಿದ ಹಾಡು ಎಂದು ಹೊಸ್ತಿಲ ಬಳಿ ಕೂತು ಕೇಳುತ್ತಿದ್ದಳು, ತೊಡೆ ತಟ್ಟುತ್ತ.

"ಆ ಪೆಟ್ಟು ಬೀಳುತ್ತಲ್ಲ, ಆಗ ಎಲ್ಲರೂ ಉಸಿರು ಬಿಗಿ ಹಿಡೀತಾರೆ. ಅಲ್ಲಿ ಏನು ತೋರಿಸಿದೀಯ ಮಗು?" ಎಂದು ಕೇಳಿದಳು.

"ಒಬ್ಬಳು ಒನಕೆ ಹಿಡಿದು ಕುಟ್ತಾ ಇದಾಳಮ್ಮ."

"ಹೌದಾ! ಕುಟ್ಟೋರ ಕೈಯೇ ಕೈ. ಚೆನ್ನಾಗಿ ಹೊಂದಿಸಿದೀಯ." ಅಮ್ಮ ಅವನ ಬೆನ್ನು ಸವರಿದಳು. ಆ ಕೈ ತಗಲಿದ ಜಾಗ ಅವನಿಗೆ ಮಲಗುವ ತನಕ ಚುಚ್ಚುತ್ತಿತ್ತು.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಗೇಟಿನವನು ಹಲ್ಲು ಕಿರಿಯುತ್ತ ಓಡಿಬಂದ.

"ಕತ್ತರಿ ಸಾರ್, ನಿಮ್ಮ ನಟಿ ಬಂದಿದಾರೆ! ನೋಡಿದ ಕೂಡಲೇ ಗುರುತು ಹಿಡಿದೆ. ಕುರ್ಚಿ ಹಾಕಿ ಕೂರಿಸಿದೀನಿ."

ಕತ್ತರಿ ಕೈಯಲ್ಲಿದ್ದ ರೀಲನ್ನು ಮೇಜಿನ ಮೇಲಿಟ್ಟು ಎದ್ದ.

ಇಬ್ಬರು ಹೆಂಗಸರು. ಕುರ್ಚಿಯಲ್ಲಿ ಕೂತವಳು ಅವಳೇ, ಸ್ವಲ್ಪ ಸೊರಗಿದ್ದಳು, ಕೂದಲು ಬಿಗಿಯಾಗಿ ಕಟ್ಟಿದ್ದಳು. ಕೈಗಳು ಸೋಪಿನ ನೀರಿನಲ್ಲಿ ಬಿಳಿಚಿಕೊಂಡಿದ್ದವು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸವೆಂದು ಆಮೇಲೆ ತಿಳಿಯಿತು. ಪಕ್ಕದಲ್ಲಿ ನಿಂತ ಇನ್ನೊಬ್ಬಳು ಅವಳ ನಾದಿನಿ. ಕೈಯಲ್ಲಿ ಅವಳ ಕಾಗದಕ್ಕೆ ಕೇಂದ್ರದಿಂದ ಹೋಗಿದ್ದ ಉತ್ತರದ ಕಾರ್ಡು.

"ಈ ಅಕ್ಷರ ಯಾರದು ಸ್ವಾಮಿ?" ನಾದಿನಿ ಕೇಳಿದಳು.

"ನನ್ನದೇ."

"ದುಂಡಗಿದೆ. ಒಂದು ಸಲ ಓದಿಬಿಡಿ. ನಮಗೆ ಅಷ್ಟು ಓದು ಬರಲ್ಲ."

ಓದಲು ಬರದೆ ಕಾಗದ ಬರೆದಳೇ? ಬರುತ್ತಿತ್ತು. ಅವನ ಬಾಯಿಂದ ಕೇಳಬೇಕಿತ್ತು, ಅಷ್ಟೇ. ಅವನು ಓದಿದ. "'ನಿಮ್ಮ ಮೆಚ್ಚುಗೆಗೆ ವಂದನೆಗಳು. ಹಾಡಿನಲ್ಲಿ ಅಭಿನಯಿಸಿರುವವರು ಒಬ್ಬ ಹೊಸ ಕಲಾವಿದೆ. ಅವರಿಗೆ...'" ಕಾರ್ಡನ್ನು ಕೆಳಗಿಳಿಸಿದ.

"ಓದಿ, ಓದಿ."

"'ಅವರಿಗೆ ಉಜ್ವಲ ಭವಿಷ್ಯವಿದೆ.'"

"ಕೇಳಿದೆಯಾ ಅತ್ತಿಗೆ? ಉಜ್ವಲ ಭವಿಷ್ಯ! ನಮ್ಮಣ್ಣ ಒಳಗೆ ಮಣ್ಣಲ್ಲಿದ್ದ, ನೀನು ಹೊರಗೆ ಅಭಿನಯಿಸ್ತಿದ್ದೆ. ನಂಗೆ ಗೊತ್ತೇ ಇರಲಿಲ್ಲ ನೋಡು."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡ ಕತ್ತರಿ. ಅಂದುಕೊಂಡ ಮರುಕ್ಷಣವೇ, ಈ ಮಾತನ್ನು ಯಾರ ಮುಂದೆ ನಿಂತು ಅಂದುಕೊಳ್ಳುತ್ತಿದ್ದೇನೆ ಎಂದು ಹೊಳೆದು ಮೈಯೆಲ್ಲ ಬಿಸಿಯಾಯಿತು.

"ಬಿಡೇ, ಬೈಯೋಕೆ ಬಂದದ್ದಲ್ಲ" ಎಂದಳು ಕೂತವಳು. ಆಮೇಲೆ ಅವನ ಕಡೆ ತಿರುಗಿದಳು. "ಅಣ್ಣಾ, ನನ್ನ ಕೈ ಹಾಗೆ ಹೋಗಿರಲಿಲ್ಲ."

ಅಣ್ಣಾ ಎಂದದ್ದಕ್ಕೆ ಅವನು ತಲೆ ತಗ್ಗಿಸಿದ. ಬೈದಿದ್ದರೆ ತಾಳಿಕೊಳ್ಳಬಹುದಿತ್ತು.

"ಅಷ್ಟು ಒಪ್ಪವಾಗಿ ಹೋಗಿರಲಿಲ್ಲ. ನಿಮಗೆ ಹೇಗೆ ಹೇಳಲಿ, ಕೈ ಎಲ್ಲಿ ಬೀಳ್ತಿದೆ ಅಂತಾನೂ ಗೊತ್ತಿರಲಿಲ್ಲ. ಇದರಲ್ಲಿ ನೋಡಿದರೆ ಕವಾಯತಿನ ಹಾಗೆ... ನಮ್ಮ ಕ್ವಾರ್ಟರ್ಸಿನ ಕ್ಲಬ್ಬಲ್ಲಿ ಕಂಪನಿಯವರು ಒಂದು ಟೀವಿ ಪೆಟ್ಟಿಗೆ ತಂದಿಟ್ಟಿದಾರೆ. ಮೊದಲನೇ ದಿನ ಈ ಹಾಡು ಬಂದಾಗ ಗಂಡಸರೆಲ್ಲ ಚಪ್ಪಲಿ ನೋಡ್ಕೊಂಡು ಕೂತರು. ಎರಡನೇ ಸಲ ಯಾರೋ ಎದ್ದು ಆರಿಸಿದರು. ಮೂರು, ನಾಲ್ಕು... ಆಮೇಲೆ ಅಭ್ಯಾಸ ಆಗಿಹೋಯ್ತು. ಪಲ್ಲವಿ ಗುನುಗೋಕೆ ಶುರು ಮಾಡಿದರು. ಅವರದೇನೂ ತಪ್ಪಿಲ್ಲ, ಹಾಡು ಚೆನ್ನಾಗಿದೆ."

"ಮಗುವಿನ ವಿಷಯ ಹೇಳು" ಎಂದಳು ನಾದಿನಿ.

"ಬೇಡ."

"ನಾನೇ ಹೇಳ್ತೀನಿ. ಇವಳ ಚಿಕ್ಕವಳಿಗೆ ಈಗ ನಾಲ್ಕು. ಆಗ ಎರಡು, ಅಪ್ಪನ ಮುಖವೂ ನೆನಪಿಲ್ಲ. 'ನಮ್ಮಮ್ಮ ಟೀವೀಲಿ ಬರ್ತಾಳೆ' ಅಂತ ಕ್ವಾರ್ಟರ್ಸಿಗೆಲ್ಲ ಡಂಗುರ. ಮಕ್ಕಳೆಲ್ಲ ಸೇರಿ ಒಂದು ಆಟ ಕಟ್ಟಿದಾವೆ. ಸುತ್ತ ಕೂತು ಹಾಡು ಹೇಳೋದು, ಸಾಲು ಮುಗಿದ ಕೂಡಲೇ ಎದೆ ಬಡ್ಕೊಳ್ಳೋದು. ಸರಿಯಾದ ಜಾಗಕ್ಕೆ ಕೈ ಬೀಳದಿದ್ದರೆ ಔಟು. ಇವಳ ಮಗಳು ಒಂದು ಸಲವೂ ಔಟಾಗಲ್ಲ, ಗೊತ್ತಾ? ಅಮ್ಮನ್ನ ನೋಡಿ ಕಲಿತವಳು!"

ಗೇಟಿನವನ ಮುಖದ ನಗು ಯಾವಾಗಲೋ ಆರಿತ್ತು. ಅವನು ಸದ್ದಿಲ್ಲದೆ ಹೊರಗೆ ಹೋದ.

ಕತ್ತರಿ "ಬನ್ನಿ" ಎಂದಷ್ಟೇ ಹೇಳಿ ತನ್ನ ಕೋಣೆಗೆ ಕರೆದುಕೊಂಡು ಹೋದ. ಉಳಿದ ಚೂರುಗಳನ್ನು ಹಾಕುವ ಬಟ್ಟೆಯ ಚೀಲ ತೋರಿಸಿದ. ಮೊಳೆಯಲ್ಲಿ ಎರಡು ತಿಂಗಳಿಂದ ನೇತಾಡುತ್ತಿದ್ದ ತುಂಡನ್ನು ಇಳಿಸಿ, ಬಟ್ಟೆಯಿಂದ ಧೂಳು ಒರೆಸಿ, ಮೇಜಿನ ಪುಟ್ಟ ಗಾಜಿನ ಪರದೆಯ ಕೆಳಗೆ ಇಟ್ಟು ಕೈಯಿಂದ ಹಿಡಿಕೆ ತಿರುಗಿಸಿದ. ಹೆಂಗಸಿನ ಕೈ ಗಾಳಿಯಲ್ಲೇ ನಿಂತಿತು. ಅವಳು ಎದ್ದಳು. ಎಡಕ್ಕೆ ನೋಡಿದಳು. ಬಾಯಿ ತೆರೆಯಿತು. ಅಷ್ಟೇ.

ಅವಳು ಪರದೆಗೆ ಹಣೆ ತಾಗುವಷ್ಟು ಬಗ್ಗಿದಳು.

"ಇನ್ನೊಂದು ಸಲ ತಿರುಗಿಸಿ ಅಣ್ಣಾ."

ತಿರುಗಿಸಿದ.

"ಆಗ ಕೂಗು ಹೊಡೀತು" ಎಂದಳು ಅವಳು ನಿಧಾನವಾಗಿ. "ಗಣಿ ಸೈರನ್ನು. ಯಾರೋ ಒಬ್ಬರನ್ನ ಮೇಲೆ ತಂದರು, ಉಸಿರಿದೆ ಅಂತ ಕೂಗಿದರು. ನಮ್ಮವರೇ ಅಂದುಕೊಂಡೆ. ಹೆಸರು ಹೇಳೋ ತನಕ ನಮ್ಮವರೇ ಆಗಿದ್ದರು."

ನಾದಿನಿ ಮುಖ ಗೋಡೆಯ ಕಡೆ ತಿರುಗಿಸಿದಳು.

"ಇದನ್ಯಾಕೆ ಹಾಕಲಿಲ್ಲ ನೀವು?" ಪರದೆಯಿಂದ ಕಣ್ಣು ತೆಗೆಯದೆ ಅತ್ತಿಗೆ ಕೇಳಿದಳು.

ಕತ್ತರಿ ಸುಳ್ಳು ಹುಡುಕಿದ. ಸಿಗಲಿಲ್ಲ. "ತಾಳಕ್ಕೆ ಬರಲಿಲ್ಲ" ಎಂದ.

ಅವಳು ತಲೆಯಾಡಿಸಿದಳು, ದರ್ಜಿ ಬಟ್ಟೆ ಸಾಲದು ಎಂದಾಗ ತಲೆಯಾಡಿಸುವ ಹಾಗೆ. ಸಿಟ್ಟೂ ಇರಲಿಲ್ಲ ಅದರಲ್ಲಿ. "ನನಗೆ ಏನೂ ಬೇಡ. ಇದು ಹೇಗಿತ್ತೋ ಹಾಗೆ ಮತ್ತೆ ಜೋಡಿಸಿ ಅಣ್ಣಾ. ಯಾರೂ ನೋಡದಿದ್ದರೂ ಪರವಾಗಿಲ್ಲ. ಹಾಡಿನ ಜೊತೆ ಬೇಡ."

"ಆಯ್ತಮ್ಮ" ಎಂದ.

ಅವರು ಹೋದ ಮೇಲೆ ಹಾಡಿನ ರೀಲನ್ನು ಇಳಿಸಿದ. ಒಂದೇ ಪ್ರತಿ ಇದ್ದದ್ದು. ಕ್ಯಾಮೆರಾದಲ್ಲಿ ಓಡಿದ ಫಿಲಮ್ಮನ್ನೇ ಅವನು ಕತ್ತರಿಸಿದ್ದು. ಹನ್ನೆರಡು ಪೆಟ್ಟುಗಳನ್ನು ಒಂದೊಂದಾಗಿ ಬಿಡಿಸಿದ. ಚೀಲದಿಂದ ಅವುಗಳ ನಡುವಿನ ಚೂರುಗಳನ್ನು ಆರಿಸಿದ. ಅವಳು ತಲೆಯೆತ್ತಿದ್ದು, ಸೆರಗು ಎಳೆದುಕೊಂಡದ್ದು, ಉಸಿರಿಗಾಗಿ ನಿಂತದ್ದು. ತಾಳಕ್ಕೆ ಬೇಡವೆಂದು ತೆಗೆದದ್ದೆಲ್ಲ ಅವಳೇ. ಉಗುರಿನಷ್ಟು ಚೌಕಗಳನ್ನು ದೀಪಕ್ಕೆ ಹಿಡಿದು, ಹಿಂದುಮುಂದು ಹೊಂದಿಸಿ, ಸಂಜೆಯವರೆಗೆ ಅಂಟಿಸಿದ. ಆದರೆ ಪ್ರತಿ ಅಂಟೂ ಒಂದು ಚೌಕವನ್ನು ನುಂಗುತ್ತದೆ, ಅದು ಆ ಕೆಲಸದ ನಿಯಮ. ಓಡಿಸಿ ನೋಡಿದಾಗ ಪೆಟ್ಟು ಪೆಟ್ಟಿಗೂ ಅವಳ ಕೈ ಒಂದಿಷ್ಟು ಹಾರುತ್ತಿತ್ತು. ಮೊದಲಿದ್ದ ಹಾಗೆ ಆಗಲಿಲ್ಲ. ಡಬ್ಬಿಗೆ ಹಾಕಿ ಹೊಸ ಚೀಟಿ ಬರೆದ: 'ಗಣಿಯ ಗೇಟು, ಮೂರನೆಯ ದಿನ.' ಅದೇ ಮುತ್ತಿನಂಥ ಅಕ್ಷರ. ನೋಡಿ ಅಸಹ್ಯವಾಯಿತು.

ಆ ಸಂಜೆ ತೋಟಗಾರಿಕೆಯವರು ಎರಡು ನಿಮಿಷ ಮೊದಲೇ ಮುಗಿಸಿದರು. ಪರದೆಯ ಮೇಲೆ ಹೂದಾನಿ ಬಂತು. ಸಾಹೇಬರು ಮೆಟ್ಟಿಲು ಎರಡೆರಡು ಹಾರಿ ಇಳಿದು ಬಂದರು.

"ಎಲ್ಲಯ್ಯಾ ನಮ್ಮ ಹಾಡು?"

ಹೇಳಬೇಕೆಂದು ಮಧ್ಯಾಹ್ನದಿಂದ ಕಟ್ಟಿಟ್ಟುಕೊಂಡಿದ್ದ ಮಾತು ಇತ್ತು. ಸಾರ್, ಅವಳು ನಟಿಯಲ್ಲ. ಸಾರ್, ನನಗೆ ಮೊದಲೇ ಗೊತ್ತಿತ್ತು. ಅಷ್ಟೇ, ಎರಡು ಸಾಲು. ಬಾಯಿ ತೆರೆದ.

"ಹರಿದುಹೋಯ್ತು ಸಾರ್."

"ಅಯ್ಯೋ ಶನಿಯೇ! ಹೋಗಲಿ ಬಿಡು, ಇನ್ನೊಂದು ಮಾಡು. ಈಗ ದಾರಿ ಗೊತ್ತಾಯ್ತಲ್ಲ ನಿನಗೆ." ಸಾಹೇಬರು ಅವನ ಭುಜ ತಟ್ಟಿ ಹೋದರು. ಒಳ್ಳೆಯ ಮನುಷ್ಯ. ಹೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದರೇನೋ. ಅದೂ ಅವನನ್ನು ಕೊರೆಯಿತು.

ಮರುದಿನ ಅವನಿಗೆ ರಜೆ. ಹೊತ್ತು ಇಳಿಯುವಾಗ ಅಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಅವನು ಪಕ್ಕದಲ್ಲಿ. ಬೀದಿಯಲ್ಲಿ ಐದಾರು ಹೆಣ್ಣುಮಕ್ಕಳು ಸುತ್ತ ಕೂತು ಹಾಡತೊಡಗಿದವು. ಬಾಗಿಲಿಗೆ ಚಿಲಕ ಹಾಕಿಲ್ಲ, ಬಾ. ಧಪ್ಪೆಂದು ಎಲ್ಲ ಕೈಗಳೂ ಒಟ್ಟಿಗೆ ಬಿದ್ದವು. ದರ್ಜಿಯ ಮಗಳು ಒಂದು ಗಳಿಗೆ ತಡಮಾಡಿದಳು. "ಔಟೂ!" ಎಂದು ಉಳಿದವು ಕೂಗಿದವು. ಗಣಿ ಎಲ್ಲಿದೆಯೆಂದು ಕೂಡ ಆ ಮಕ್ಕಳಿಗೆ ಗೊತ್ತಿರಲಿಲ್ಲ. ರೀಲು ಬಿಡಿಸಿದ್ದ; ಇದನ್ನು ಯಾವ ಮೇಜಿನ ಮೇಲಿಟ್ಟು ಬಿಡಿಸುವುದು?

"ನಿನ್ನ ಹಾಡೇ ಅಲ್ವೇನೋ!" ಅಮ್ಮ ಹಿಗ್ಗಿ ತೊಡೆ ತಟ್ಟಿದಳು. "ಏನಾಟ ಅದು? ಕುಟ್ಟೋ ಆಟಾನಾ?"

"ಅಲ್ಲಮ್ಮ."

"ಮತ್ತೆ?"

ಕಾಣದ ಆ ಕಣ್ಣುಗಳು ಅವನ ಕಡೆಗೇ ತಿರುಗಿದ್ದವು. ಅವನು ಹೇಳಿದ. ಚೀಟಿ ಓದಿದ್ದರಿಂದ ಹಿಡಿದು 'ಹರಿದುಹೋಯ್ತು' ಎಂದದ್ದರ ತನಕ, ಒಂದನ್ನೂ ಬಿಡದೆ, ಒಂದನ್ನೂ ಹೊಂದಿಸದೆ ಹೇಳಿದ. ಹೇಳಿ ಮುಗಿಯುವಾಗ ಹೆಣ್ಣುಮಕ್ಕಳು ಆಟ ಬಿಟ್ಟು ಮನೆ ಸೇರಿದ್ದವು.

ಅಮ್ಮ ಸೆರಗಿನ ಅಂಚನ್ನು ಬೆರಳಿನಿಂದ ಮಡಿಸಿದಳು, ಬಿಡಿಸಿದಳು.

"ಸರಿಯಾಗಿ ಬೀಳ್ತಿತ್ತಾ?" ಎಂದು ಕೇಳಿದಳು ಕೊನೆಗೆ.

"ಏನಮ್ಮ?"

"ಆ ಹೆಣ್ಣುಮಗಳ ಕೈ. ಸಾಲು ನಿಲ್ಲೋ ಕಡೆ ಸರಿಯಾಗಿ ಬೀಳ್ತಿತ್ತಾ?"

"ಹ್ಞೂಂ."

"ಒಂದೂ ತಪ್ಪಲಿಲ್ಲವಾ?"

"ಇಲ್ಲಮ್ಮ."

"ಹಾಗಾದರೆ ನಾನು ಕಲಿಸಿದ್ದೇ ಅದು" ಎಂದಳು ಅಮ್ಮ. ಮೊಟಕಲಿಲ್ಲ, ಬೆನ್ನೂ ಸವರಲಿಲ್ಲ. ಅವನು ಏನೋ ಹೇಳಹೋದ, ಅವಳು ಬೇಡವೆಂದು ತಲೆಯಾಡಿಸಿದಳು.

ಪದ್ಯದ ಹೊತ್ತಾಗಿತ್ತು. ಅಮ್ಮ ಎರಡು ಕೈಗಳನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಹೇಳತೊಡಗಿದಳು. ಮೊದಲ ಸಾಲು ಮುಗಿದು ನಿಂತಿತು. ಕತ್ತರಿಯ ಕಿವಿ ತೊಡೆಯ ಮೇಲಿನ ತಟ್ಟುವಿಕೆಗೆ ಕಾಯಿತು. ಅದು ಬರಲಿಲ್ಲ. ಎರಡನೆಯ ಸಾಲಿಗೂ ಬರಲಿಲ್ಲ. ಅವನ ಬೆರಳುಗಳು ತಾವಾಗಿಯೇ ಮಂಡಿಯ ಮೇಲೆ ಏಳಹೊರಟವು. ಇನ್ನೊಂದು ಕೈಯಿಂದ ಅವನ್ನು ಬಿಗಿಯಾಗಿ ಹಿಡಿದುಕೊಂಡ.